ಭಯ ಮತ್ತು ಕ್ರೈಸ್ತ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ ಜಿಲ್ಲೆಯ ನಮ್ಮ ಸಭೆಯಲ್ಲಿ ಬುಧವಾರದ ಪ್ರಾರ್ಥನಾ ಕೂಟ ಮುಗಿದು, ಜಮಖಾನೆ ಮಡಚಿಟ್ಟು, ಜನ ಬಾಗಿಲ ಬಳಿ ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೊಬ್ಬರು ಹಿಂದೆ ಉಳಿಯುತ್ತಾರೆ. "ಒಂದು ಮಾತು ಕೇಳೋದಿತ್ರೀ" ಎಂದು ಶುರು ಮಾಡುತ್ತಾರೆ. ಮಾತು ಬೆಳೆಯಿಂದ, ಮಗಳ ಮದುವೆಯಿಂದ, ಪರೀಕ್ಷೆಯ ಫಲಿತಾಂಶದಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಭಯದ ಹತ್ತಿರವೇ. ಸಂಡೇ ಸ್ಕೂಲಿನಲ್ಲಿಯೂ ಮನೆಕೂಟಗಳಲ್ಲಿಯೂ ಪಾಠ ಹೇಳುತ್ತ ಹಲವು ವರ್ಷ ಇಂಥ ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದೇನೆ. ಹೆಚ್ಚು ಸಲ ಬಂದವನ್ನು, ಕೇಳಿದವರ ಗುರುತು ಸಿಗದ ಹಾಗೆ, ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಿಜವಾದ ವಿಶ್ವಾಸಿಗೆ ಭಯವೇ ಬರಬಾರದಲ್ಲವೇ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಆಗಲೇ ಯಾರಿಂದಲೋ "ನಿಮ್ಮ ವಿಶ್ವಾಸ ಕಡಿಮೆಯಾಗಿದೆ" ಎಂಬ ಮಾತು ಕೇಳಿಸಿಕೊಂಡು ಬಂದಿರುತ್ತಾರೆ. ಹೆದರಿದವನಿಗೆ ಆ ಮಾತು ಹೇಳಿದರೆ ಅವನ ಭಯ ಹೋಗುವುದಿಲ್ಲ, ಅದರ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ, ಮುಂದಿನ ವಾರದಿಂದ ಅವನು ಕೂಟಕ್ಕೆ ಬರುವುದನ್ನೇ ನಿಲ್ಲಿಸುತ್ತಾನೆ. ಸತ್ಯವೇದ, ಅಂದರೆ ಬೈಬಲ್, ಹಾಗೆ ಮಾತಾಡುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಕಳವಳಗೊಂಡು, ತನ್ನ ಪ್ರಾಣವು ಸಾಯುವಷ್ಟು ದುಃಖಪಡುತ್ತಿದೆ ಎಂದು ಮೂವರು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದನೆಂದು ಮಾರ್ಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಆತನು ಬಲವಾಗಿ ಕೂಗುತ್ತ, ಕಣ್ಣೀರು ಸುರಿಸುತ್ತ ಪ್ರಾರ್ಥಿಸಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ನೆನಪಿಸುತ್ತದೆ. ಆತನನ್ನು ಅವಿಶ್ವಾಸಿಯೆಂದು ಯಾರೂ ಕರೆಯಲಾರರು.

ನನಗೆ ಇಷ್ಟವಾದ ಇನ್ನೊಂದು ಉದಾಹರಣೆ ಹಳೆಯ ಒಡಂಬಡಿಕೆಯ ಗಿದ್ಯೋನನದು. ಶತ್ರುಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದೆಂದು ಆತನು ಕಣ ಬಿಟ್ಟು ದ್ರಾಕ್ಷೆ ತುಳಿಯುವ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದನು. ಗಾಳಿಯೇ ಇಲ್ಲದ ತೊಟ್ಟಿಯೊಳಗೆ ರಾಶಿ ಮಾಡುವುದೆಂದರೆ ಎಂಥ ಪಾಡೆಂಬುದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಯುದ್ಧದ ಹಿಂದಿನ ರಾತ್ರಿ ದೇವರು ಆತನಿಗೆ, ಶತ್ರುಗಳ ಪಾಳೆಯಕ್ಕೆ ಒಬ್ಬನೇ ಇಳಿಯಲು ಅಂಜಿಕೆಯಾದರೆ ನಿನ್ನ ಸೇವಕನನ್ನು ಕರೆದುಕೊಂಡು ಹೋಗು ಎಂದನು. ಬೈಗುಳವಿಲ್ಲ, ಉಪದೇಶವೂ ಇಲ್ಲ. ಗಿದ್ಯೋನನು ನಾಚಿಕೊಳ್ಳದೆ ಸೇವಕನನ್ನು ಕರೆದುಕೊಂಡೇ ಹೋದನು.

ಹಾಗಾದರೆ "ಹೆದರಬೇಡ" ಎಂದು ದೇವರು ಅಷ್ಟು ಸಲ ಆಜ್ಞಾಪಿಸಿದ್ದೇಕೆ?

ಅದನ್ನು ಆಜ್ಞೆಯಾಗಿ ಓದುವುದರಲ್ಲಿಯೇ ಎಡವಟ್ಟಿದೆ. ಕರೆಂಟು ಹೋದ ರಾತ್ರಿ ಕತ್ತಲಲ್ಲಿ ಅಳುವ ಕೂಸಿಗೆ ತಾಯಿ "ಅಂಜಬ್ಯಾಡ, ನಾ ಇದ್ದೀನಿ" ಎನ್ನುತ್ತಾಳೆ. ಆಕೆ ಕೂಸಿಗೆ ಕಟ್ಟಳೆ ವಿಧಿಸುತ್ತಿಲ್ಲ, ಮೀರಿದರೆ ಶಿಕ್ಷೆ ಎಂದೂ ಹೇಳುತ್ತಿಲ್ಲ. ಮಾತಿನ ಜೀವ ಇರುವುದು ಎರಡನೆಯ ಅರ್ಧದಲ್ಲಿ. ಸತ್ಯವೇದದ ವಚನಗಳನ್ನು ಒಮ್ಮೆ ಈ ಕಿವಿಯಿಂದ ಕೇಳಿ ನೋಡಿರಿ. ಆದಿಕಾಂಡ 15ರಲ್ಲಿ ಅಬ್ರಾಮನಿಗೆ ಹೆದರಬೇಡವೆಂದ ದೇವರು ಅದೇ ಉಸಿರಿನಲ್ಲಿ ತಾನೇ ಅವನ ಗುರಾಣಿ ಎನ್ನುತ್ತಾನೆ. ಯೆಶಾಯ 41:10ರಲ್ಲಿ ಹೆದರಬೇಡ ಎಂಬುದರ ಬೆನ್ನಿಗೇ ನಾನು ನಿನ್ನ ಸಂಗಡ ಇದ್ದೇನೆ ಎಂಬ ಮಾತು ಬರುತ್ತದೆ. 23ನೆಯ ಕೀರ್ತನೆಯವನು ಕಾರ್ಗತ್ತಲ ಕಣಿವೆ ಇಲ್ಲವೇ ಇಲ್ಲ ಎನ್ನುವುದಿಲ್ಲ, ಆ ಕಣಿವೆಯಲ್ಲಿ ನಡೆಯುವಾಗ ಜೊತೆಗೆ ಯಾರಿದ್ದಾರೆಂಬುದನ್ನು ಹೇಳುತ್ತಾನೆ. ಮೊದಲರ್ಧವನ್ನಷ್ಟೇ ಕತ್ತರಿಸಿ ಗೋಡೆಗೆ ತೂಗುಹಾಕಿದರೆ ವಾಗ್ದಾನವು ಗದರಿಕೆಯಾಗಿಬಿಡುತ್ತದೆ.

"ಹೆದರಬೇಡ" ಎಂಬ ಮಾತು ಸತ್ಯವೇದದಲ್ಲಿ ಸರಿಯಾಗಿ 365 ಸಲ, ಅಂದರೆ ದಿನಕ್ಕೊಂದರಂತೆ ಇದೆ ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಕೇಳಲು ಚೆಂದವಾಗಿದೆ, ಆದರೆ ಎಣಿಸಿದರೆ ಆ ಲೆಕ್ಕ ಸಿಗುವುದಿಲ್ಲ. ಒಂದೇ ಸಲ ಇದ್ದಿದ್ದರೂ ಸಾಕಾಗುತ್ತಿದ್ದ ಮಾತಿಗೆ ಸುಳ್ಳು ಲೆಕ್ಕದ ಊರುಗೋಲು ಬೇಕಾಗಿಲ್ಲ.

ಒಂದು ಕಡೆ ಹೆದರಬೇಡ ಎನ್ನುತ್ತದೆ, ಇನ್ನೊಂದು ಕಡೆ ದೇವರಿಗೆ ಭಯಪಡು ಎನ್ನುತ್ತದೆ. ಯಾವುದು ನಿಜ?

ವಿಮೋಚನಕಾಂಡ 20:20ರಲ್ಲಿ ಮೋಶೆ ಈ ಎರಡನ್ನೂ ಒಂದೇ ವಚನದಲ್ಲಿ ಹೇಳಿದ್ದಾನೆ, ಆದ್ದರಿಂದ ಅವನಿಗೆ ಇದು ವಿರೋಧವಾಗಿ ಕಂಡಿರಲಿಕ್ಕಿಲ್ಲ. ನಮ್ಮ ಭಾಷೆಯಲ್ಲಿಯೂ ಹಾಗೆಯೇ. "ಅಂವಗ ಯಾರ ಅಂಜಿಕಿನೂ ಇಲ್ಲ" ಎಂದು ಊರಿನಲ್ಲಿ ಹೇಳಿದರೆ ಅದು ಹೊಗಳಿಕೆಯಲ್ಲ, ಅವನು ಯಾವುದಕ್ಕೂ ಹೇಸದವನು ಎಂದರ್ಥ. ಭಯಭಕ್ತಿ ಎಂಬ ಜೋಡಿಪದದಲ್ಲಿರುವ ಭಯ ಓಡಿಹೋಗುವ ಭಯವಲ್ಲ, ಹತ್ತಿರ ನಿಂತು ತಲೆಬಾಗುವ ಭಯ. ಐಗುಪ್ತದಲ್ಲಿ ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂದು ಫರೋಹನು ಅಪ್ಪಣೆ ಕೊಟ್ಟಾಗ ಇಬ್ಬರು ಸೂಲಗಿತ್ತಿಯರು ಅದನ್ನು ಪಾಲಿಸಲಿಲ್ಲ. ಅವರು ದೇವರಿಗೆ ಭಯಪಟ್ಟದ್ದೇ ಅದಕ್ಕೆ ಕಾರಣವೆಂದು ಗ್ರಂಥ ಹೇಳುತ್ತದೆ. ದೊಡ್ಡ ಭಯಕ್ಕೆ ತಕ್ಕ ಸ್ಥಾನ ಸಿಕ್ಕ ಮೇಲೆ ಅರಸನ ಭಯ ತಾನಾಗಿಯೇ ಚಿಕ್ಕದಾಯಿತು.

ಪ್ರಾರ್ಥನೆ ಮಾಡಿದ ಮೇಲೆಯೂ ಮುನ್ನೆಚ್ಚರಿಕೆ ತೆಗೆದುಕೊಂಡರೆ ಅದು ಅವಿಶ್ವಾಸವಾಗುವುದಿಲ್ಲವೇ?

ಇದಕ್ಕೆ ನನ್ನ ತಂದೆಯ ಮಾತು ಬಿಟ್ಟು ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 4 ಗಂಟೆಗೆ ಸ್ವಲ್ಪ ಮೊದಲು ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಬೀದರ, ಕಲಬುರಗಿ ಸೀಮೆಯೂ ನಡುಗಿತು. ಗಣಪತಿ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ ಅದು. ನಾನಾಗ ಹುಡುಗ. ಮಾಡದ ಮೇಲಿನ ಹಿತ್ತಾಳೆಯ ತಂಬಿಗೆಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಎಂದದ್ದು, ಎತ್ತುಗಳು ಹಗ್ಗ ಜಗ್ಗಿ ಗೂಟ ಕಿತ್ತದ್ದು, ಅವ್ವ ನನ್ನನ್ನೂ ತಂಗಿಯನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ರೇಡಿಯೋದಲ್ಲಿ ಸತ್ತವರ ಲೆಕ್ಕ ಏರುತ್ತಲೇ ಹೋಯಿತು, ಕೊನೆಗೆ ಅದು ಹತ್ತಿರಹತ್ತಿರ 10,000 ಮುಟ್ಟಿತು. ಅಷ್ಟೊಂದು ಜನ ಸಾಯಲು ಮುಖ್ಯ ಕಾರಣ ನಮ್ಮ ಮನೆಯಂಥವೇ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ವರ್ಷವರ್ಷವೂ ಮಣ್ಣು ಹಾಕಿ ಹಾಕಿ ಭಾರವಾದ ಮಾಳಿಗೆ.

ಒಂದು ತಿಂಗಳು ನಾವು ಹುಣಸೆಮರದ ಕೆಳಗೆ ಮಲಗಿದೆವು. ಪ್ರತಿ ರಾತ್ರಿ ಅಪ್ಪ ಕಂದೀಲು ಹತ್ತಿರ ಎಳೆದುಕೊಂಡು 46ನೆಯ ಕೀರ್ತನೆಯನ್ನು ಓದುತ್ತಿದ್ದರು. ಭೂಮಿಯು ಅಲ್ಲಾಡಿದರೂ, ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ನಾವು ಭಯಪಡೆವು ಎಂಬ ಸಾಲಿಗೆ ಬಂದಾಗ ಅವರ ದನಿ ನಡುಗುತ್ತಿತ್ತು. ಹೆದರುವುದಿಲ್ಲ ಎಂಬ ಸಾಲನ್ನು ಹೆದರಿದ ದನಿಯಲ್ಲಿ ಓದುತ್ತಿದ್ದರು, ಆದರೂ ಓದುವುದನ್ನು ಒಂದು ರಾತ್ರಿಯೂ ಬಿಡಲಿಲ್ಲ. ಹಗಲು ಹೊತ್ತಿನಲ್ಲಿ ಸಲಿಕೆ, ಬುಟ್ಟಿ ತೆಗೆದುಕೊಂಡು ಮಾಳಿಗೆ ಹತ್ತಿ, ಅಜ್ಜನ ಕಾಲದಿಂದ ಬಿದ್ದಿದ್ದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಕೆಳಗೆ ಸುರಿದರು. ಪಕ್ಕದ ಮನೆಯವರು "ದೇವರ ಮ್ಯಾಲ ಭರವಸ ಇಲ್ಲೇನ್ರೀ?" ಎಂದು ನಗುತ್ತ ಕೇಳಿದರು. "ದೇವರ ಮ್ಯಾಲ ಐತಿ, ಮಾಳಗಿ ಮ್ಯಾಲ ಇಲ್ಲ" ಎಂದರು ಅಪ್ಪ.

ಸಿಡಿಲಿನ ಮಳೆಯಲ್ಲಿ ಹೊಲದ ಮರದ ಕೆಳಗೆ ನಿಲ್ಲದಿರುವುದು, ಬೈಕಿಗೆ ಹೆಲ್ಮೆಟ್ ಹಾಕುವುದು, ಹಾವು ಕಚ್ಚಿದವರನ್ನು ಪ್ರಾರ್ಥಿಸುತ್ತಲೇ ಆಸ್ಪತ್ರೆಗೆ ಒಯ್ಯುವುದು, ಇವೆಲ್ಲ ಅದೇ ಲೆಕ್ಕಕ್ಕೆ ಸೇರುತ್ತವೆ.

ನಮ್ಮ ಮನೆಗೆ ಬಾನಾಮತಿ ಮಾಡಿಸಿದ್ದಾರೆ ಎನ್ನುತ್ತಾರೆ. ವಿಶ್ವಾಸಿಗಳಾದ ನಾವು ಏನು ಮಾಡಬೇಕು?

ಬಾನಾಮತಿ ಎಂದರೆ ಮಾಟ, ನಮ್ಮ ಸೀಮೆಯಲ್ಲಿ ಈ ಹೆಸರು ಕೇಳದವರಿಲ್ಲ. ಮಾಳಿಗೆಯ ಮೇಲೆ ಕಲ್ಲು ಬಿತ್ತು, ಒಣಹಾಕಿದ ಸೀರೆ ತಾನಾಗಿಯೇ ಹೊತ್ತಿತು, ಸೊಸೆ ನಾಯಿಯಂತೆ ಬೊಗಳಿದಳು ಎಂಬ ಸುದ್ದಿ ಒಂದು ಓಣಿಯಲ್ಲಿ ಹುಟ್ಟಿದರೆ ಸಂಜೆಯೊಳಗೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಸುದ್ದಿಯ ಹಿಂದೆ ಬಹುಮಟ್ಟಿಗೆ ಹೊಲದ ಜಗಳ, ಹೊಟ್ಟೆಕಿಚ್ಚು, ಇಲ್ಲವೇ ಬಾಯಿಬಿಟ್ಟು ಹೇಳಲಾಗದ ಒಬ್ಬ ಹೆಣ್ಣುಮಗಳ ಸಂಕಟ ಇರುವುದನ್ನು ನಾನು ಕಂಡಿದ್ದೇನೆ. ಆದರೆ ಅದನ್ನು ಮೊದಲೇ ಹೇಳಿ ವಾದಕ್ಕೆ ನಿಂತರೆ ಹೆದರಿದವರು ನಿಮ್ಮ ಮಾತು ಕೇಳುವುದಿಲ್ಲ. ಮೊದಲು ಅವರ ಮನೆಯಲ್ಲಿ ಕುಳಿತುಕೊಳ್ಳಬೇಕು, ಸಾಧ್ಯವಾದರೆ ಒಂದು ರಾತ್ರಿ ಅಲ್ಲಿಯೇ ಮಲಗಬೇಕು.

ವಿಶ್ವಾಸದ ಮಾತು ಚಿಕ್ಕದಾಗಿದೆ. ಕ್ರಿಸ್ತನು ಶಿಲುಬೆಯಲ್ಲಿ ದುಷ್ಟ ಶಕ್ತಿಗಳನ್ನು ನಿರಾಯುಧಗೊಳಿಸಿದನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2:15ರಲ್ಲಿ ಪೌಲನು ಹೇಳುತ್ತಾನೆ. ಮರಣವಾಗಲಿ ಜೀವವಾಗಲಿ, ಇರುವ ಯಾವ ಅಧಿಕಾರವೇ ಆಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು ರೋಮಾಪುರದವರಿಗೂ ಬರೆಯುತ್ತಾನೆ. ಇದನ್ನು ನಂಬಿದವರು ಅದೇ ಊರಿನ ಮಂತ್ರವಾದಿಯ ಹೊಸಿಲು ತುಳಿಯುವುದಾಗಲಿ, ತಾಯಿತ ತೆಗೆದು ಆ ಜಾಗದಲ್ಲಿ ಅಭಿಷೇಕದ ಎಣ್ಣೆಯ ಶೀಶೆಯನ್ನು ಕಟ್ಟಿಕೊಳ್ಳುವುದಾಗಲಿ ಸರಿಯಲ್ಲ. ವಸ್ತು ಬದಲಾಗಿದೆಯೇ ಹೊರತು ಭಯ ಅಲ್ಲಿಯೇ ಇದೆ. ಸ್ವಲ್ಪ ಕಟುವಾದ ಮಾತಾದರೂ ಹೇಳಿಬಿಡುತ್ತೇನೆ: ದೆವ್ವದ ಭಯ ಬಿಡಿಸುತ್ತೇವೆಂದು ಮೈಕು ಹಚ್ಚಿ ಎರಡು ತಾಸು ದೆವ್ವದ ಬಗ್ಗೆಯೇ ಮಾತಾಡಿ, ಐದು ನಿಮಿಷ ಯೇಸುವಿನ ಹೆಸರು ಹೇಳಿ ಮುಗಿಸುವ ಕೂಟಗಳಿಂದ ಜನ ಬಂದದ್ದಕ್ಕಿಂತ ಹೆಚ್ಚು ಹೆದರಿ ಮನೆಗೆ ಹೋಗುತ್ತಾರೆ.

ಇನ್ನು ಆಪಾದನೆ ಹೊತ್ತವರ ವಿಷಯ. ಬಾನಾಮತಿ ಮಾಡುವವಳೆಂದು ಊರು ಬೆರಳು ತೋರಿಸುವುದು ಹೆಚ್ಚಾಗಿ ಹಿಂದೆಮುಂದೆ ಯಾರೂ ಇಲ್ಲದ ಮುದುಕಿಯ ಕಡೆಗೆ. ಪೂರ್ಣವಾದ ಪ್ರೀತಿಯು ಭಯವನ್ನು ಹೊರಗಟ್ಟುತ್ತದೆ ಎಂಬ 1 ಯೋಹಾನ 4:18ರ ವಚನವನ್ನು ನಾವು ಮದುವೆ ಮನೆಗಳಲ್ಲಿ ಓದುತ್ತೇವೆ, ಅದನ್ನು ನಿಜವಾಗಿ ಓದಬೇಕಾದ ಜಾಗ ಇದು. ನಮ್ಮ ಸಭೆಯ ಇಬ್ಬರು ಹೆಂಗಸರು ಅಂಥ ಒಬ್ಬ ಆಯಿಯ ಮನೆಗೆ ಹಾಡುಹಗಲೇ, ನಾಲ್ಕು ಜನರಿಗೆ ಕಾಣುವಂತೆ ಹೋಗಿ, ಕಟ್ಟೆಯ ಮೇಲೆ ಕುಳಿತು ಆಕೆ ಮಾಡಿಕೊಟ್ಟ ಚಹಾ ಕುಡಿದು ಬಂದರು. ಒಬ್ಬಾಕೆಯ ಕೈಯಲ್ಲಿ ಬಸಿ ನಡುಗಿ ಚಹಾ ಸೆರಗಿನ ಮೇಲೆ ಚೆಲ್ಲಿತಂತೆ. ಮರುವಾರ ಅವರೇ ಮತ್ತೆ ಹೋದರು, ಮೂರನೆಯ ವಾರ ಓಣಿಯ ಇನ್ನೊಬ್ಬರು ಜೊತೆಯಾದರು.

ಯಾರಾದರೂ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಬರೆ ಹಾಕುವುದು ಮಾಡುತ್ತಿದ್ದರೆ ಪ್ರಾರ್ಥಿಸುತ್ತ ಕೂರಬೇಡಿರಿ, ಪೊಲೀಸರಿಗೆ ತಿಳಿಸಿರಿ. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹೊಡೆಯುವವನ ಕೈಯಲ್ಲಿ ಸತ್ಯವೇದ ಇದ್ದರೂ ಕಾನೂನು ಅದೇ.

ಕಾರಣವಿಲ್ಲದೆ ಎದೆ ಡವಡವ ಎನ್ನುತ್ತದೆ, ಉಸಿರು ಕಟ್ಟುತ್ತದೆ. ಇದು ಆತ್ಮಿಕ ಸಮಸ್ಯೆಯೋ, ರೋಗವೋ?

ಮೊದಲು ವೈದ್ಯರಿಗೆ ತೋರಿಸಿರಿ. ಹೃದಯ, ಥೈರಾಯ್ಡ್, ರಕ್ತಹೀನತೆ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಉಳಿದ ಮಾತು. ಅಪಾಯ ಎದುರಾದಾಗ ಓಡಲು ಅಥವಾ ಎದುರಿಸಲು ದೇಹವು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಕೆಲವರಲ್ಲಿ ಅಪಾಯವೇ ಇಲ್ಲದಾಗಲೂ ಈ ಗಂಟೆ ಬಾರಿಸುತ್ತದೆ, ಇದನ್ನು ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಸುಮಾರು 10 ನಿಮಿಷದಲ್ಲಿ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು ಸಹಾಯಕ್ಕೆ ಬರುತ್ತದೆ. ಉಸಿರು ಬಿಡುವಾಗ ಒಂದು ಚಿಕ್ಕ ವಚನವನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುವವರು ನಮ್ಮಲ್ಲಿದ್ದಾರೆ.

ಮಾತ್ರೆ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ. ಪೌಲನ ಸಂಗಾತಿ ಲೂಕನು ವೈದ್ಯನಾಗಿದ್ದನು. ದೇವರು ನಮಗೆ ಹೇಡಿತನದ ಆತ್ಮವನ್ನು ಕೊಟ್ಟಿಲ್ಲ ಎಂದು ತಿಮೊಥೆಯನಿಗೆ ಬರೆದ ಅದೇ ಪೌಲನು, ಮತ್ತೊಂದು ಪತ್ರದಲ್ಲಿ ಆತನ ಹೊಟ್ಟೆಯ ತೊಂದರೆಗೆ ಔಷಧದಂತೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದನು. ಎಲೀಯನ ಕಥೆಯನ್ನಂತೂ ಮರೆಯಬಾರದು. ರಾಣಿ ಈಜೆಬೆಲಳ ಬೆದರಿಕೆಗೆ ಓಡಿ ಬಂದು, ಅಡವಿಯ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಯುವುದೇ ಲೇಸೆಂದ ಆ ದೊಡ್ಡ ಪ್ರವಾದಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿದನು. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ ಮೇಲೆಯೇ ಪ್ರಯಾಣ, ಆಮೇಲೆ ಪ್ರಶ್ನೆ, ಆಮೇಲೆ ಕೆಲಸ, ಜೊತೆಗೆ ಸಂಗಾತಿಯಾಗಿ ಎಲೀಷ. ಉಪವಾಸ ಪ್ರಾರ್ಥನೆಗೆ ಕೂರಿಸುವ ಮುನ್ನ ಹೆದರಿದವನು ಉಂಡಿದ್ದಾನೋ, ಮಲಗಿದ್ದಾನೋ ಎಂದು ಕೇಳುವ ಪದ್ಧತಿ ನಮ್ಮ ಸಭೆಗಳಲ್ಲಿ ಬರಬೇಕಾಗಿದೆ.

ಬದುಕುವುದೇ ಬೇಡವೆನ್ನಿಸುತ್ತಿದ್ದರೆ ಈಗಲೇ ಮನೆಯವರಲ್ಲಿ ಒಬ್ಬರಿಗೆ ಹೇಳಿರಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿರಿ. ಅದು ಉಚಿತವಾಗಿದೆ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ತೊಗರಿ ಕೈಕೊಟ್ಟಿತು, ಸಾಲದವರು ಬಾಗಿಲಿಗೆ ಬರುತ್ತಾರೆ. "ಚಿಂತೆ ಮಾಡಬೇಡಿರಿ" ಎಂಬ ವಚನ ಓದಿದರೆ ಸಾಲ ತೀರುತ್ತದೆಯೇ?

ತೀರುವುದಿಲ್ಲ. ನೆಟೆರೋಗದಿಂದ ಒಣಗಿದ ಹೊಲದ ಬದುವಿನ ಮೇಲೆ ನಿಂತವನಿಗೆ ಆಕಾಶದ ಹಕ್ಕಿಗಳನ್ನು ನೋಡೆಂದು ದೂರದಿಂದ ಹೇಳುವುದು ಸುಲಭ. ಆದರೆ ಮತ್ತಾಯ 6ನೆಯ ಅಧ್ಯಾಯದ ಕೊನೆಯ ವಚನವನ್ನು ಗಮನಿಸಿರಿ: ಆ ದಿನದ ಪಾಡು ಆ ದಿನಕ್ಕೆ ಸಾಕು ಎನ್ನುವಾಗ ಯೇಸುಸ್ವಾಮಿಯು ದಿನಕ್ಕೊಂದು ಪಾಡು ಇದ್ದೇ ಇದೆ ಎಂದು ಒಪ್ಪಿಕೊಂಡಿದ್ದಾನೆ. ಆತನು ಬೇಡವೆಂದದ್ದು ಮುಂದಿನ ಹತ್ತು ವರ್ಷದ ಪಾಡನ್ನು ಇಂದಿನ ರಾತ್ರಿಯ ಹಾಸಿಗೆಯ ಮೇಲೆ ತಂದು ಹರವಿಕೊಳ್ಳುವುದನ್ನು.

ಹಾಗಾಗಿ ಪ್ರಾರ್ಥನೆಗೆ ಕುಳಿತುಕೊಳ್ಳುವಾಗ ಒಂದು ಹಾಳೆ ಇಟ್ಟುಕೊಳ್ಳಿರಿ ಎಂದು ನಾನು ಹೇಳುತ್ತೇನೆ. ಯಾರಿಗೆ ಎಷ್ಟು, ಯಾವ ತಿಂಗಳು, ಬಡ್ಡಿ ಎಷ್ಟು ಎಂದು ಬರೆದು, ಅದನ್ನು ಓದಿ ದೇವರ ಮುಂದೆ ಹೇಳಿರಿ, ಬಳಿಕ ಅದೇ ಹಾಳೆಯನ್ನು ಹೆಂಡತಿಗೆ ಅಥವಾ ಗಂಡನಿಗೆ ತೋರಿಸಿರಿ. ಲೆಕ್ಕ ಕೆಟ್ಟದ್ದಾಗಿಯೇ ಇರುತ್ತದೆ, ಆದರೆ ಕಾಗದದ ಮೇಲಿನ ಸಾಲಕ್ಕೆ ಒಂದು ಕೊನೆ ಇರುತ್ತದೆ, ಮನಸ್ಸಿನೊಳಗಿನ ಸಾಲಕ್ಕೆ ಇರುವುದಿಲ್ಲ. ವಸೂಲಿಗೆ ಬಂದವರು ಬೈದು ಬೆದರಿಸಿದರೆ ಸಹಿಸಿಕೊಳ್ಳಬೇಕಾಗಿಲ್ಲ. ಕಿರುಸಾಲ ಕಂಪನಿಗಳ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದಿದೆ, ಠಾಣೆಗೆ ಹೋಗಿ ದೂರು ಕೊಡಬಹುದು. ಒಬ್ಬರೇ ಹೋಗಲು ಅಂಜಿಕೆಯಾದರೆ ಸಭೆಯ ಹಿರಿಯರನ್ನು ಕರೆದುಕೊಂಡು ಹೋಗಿರಿ, ಗಿದ್ಯೋನನೂ ಹಾಗೆಯೇ ಮಾಡಿದನಲ್ಲ.

ಸಾವಿನ ಭಯ ಹೋಗುತ್ತದೆಯೇ?

ನಮ್ಮ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳು ಹೆಚ್ಚು, ಆದ್ದರಿಂದ ಆ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ಅನುಭವವನ್ನೇ ಹೇಳುತ್ತೇನೆ. 1736ರ ಜನವರಿಯಲ್ಲಿ ಆತನು ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದನು. ಆಗಲೇ ದೀಕ್ಷೆ ಪಡೆದ ಪಾದ್ರಿ, ಅನ್ಯರಿಗೆ ಸುವಾರ್ತೆ ಸಾರಲು ಹೊರಟವನು. ಬಿರುಗಾಳಿಗೆ ದೊಡ್ಡ ಹಾಯಿ ಹರಿದು, ಅಲೆಗಳು ಹಡಗಿನೊಳಗೆ ನುಗ್ಗಿದಾಗ ಇಂಗ್ಲಿಷರು ಚೀರತೊಡಗಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರಾವಿಯನ್ ವಿಶ್ವಾಸಿಗಳು ಮಾತ್ರ ತಾವು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಒಬ್ಬನನ್ನು ಕೇಳಿದಾಗ, ಇಲ್ಲ, ನಮ್ಮ ಹೆಂಗಸರೂ ಮಕ್ಕಳೂ ಸಾಯಲು ಹೆದರುವುದಿಲ್ಲ ಎಂದು ಅವನು ಉತ್ತರಿಸಿದನು. ತನ್ನಲ್ಲಿ ಆ ಧೈರ್ಯ ಇಲ್ಲವೆಂಬುದು ವೆಸ್ಲಿಗೆ ತಿಳಿದಿತ್ತು. ಎರಡು ವರ್ಷ ದಾಟಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕ್ರಿಸ್ತನ ಮೇಲೆ ಭರವಸೆ ಹುಟ್ಟಿ ಆತನ ಹೃದಯ ಬೆಚ್ಚಗಾಯಿತು. ಅದಾದ ಮೇಲೆಯೂ ಸಂಶಯಗಳು ಕಾಡಿದ್ದನ್ನು ಆತನು ತನ್ನ ದಿನಚರಿಯಲ್ಲಿ ಮುಚ್ಚಿಡದೆ ಬರೆದಿದ್ದಾನೆ.

ಅಂದರೆ ಈ ಭಯ ಒಂದೇ ರಾತ್ರಿಯಲ್ಲಿ ಹೋಗಲೇಬೇಕೆಂದೇನೂ ಇಲ್ಲ. ಮರಣದ ಭಯವನ್ನು ಇಬ್ರಿಯರ ಪತ್ರಿಕೆಯ 2ನೆಯ ಅಧ್ಯಾಯವು ಜೀವಮಾನವೆಲ್ಲ ಹಿಡಿದಿಡುವ ದಾಸತ್ವ ಎನ್ನುತ್ತದೆ, ಅದರಿಂದ ಬಿಡಿಸಲು ಕ್ರಿಸ್ತನು ತಾನೇ ಮರಣದೊಳಗೆ ಹೋಗಿ ಬಂದನು ಎನ್ನುತ್ತದೆ. ನಾನು ಮಂಚದ ಪಕ್ಕ ಕುಳಿತು ನೋಡಿದ ಹಿರಿಯರಲ್ಲಿ ಕೆಲವರು ಕೊನೆಯತನಕ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು, ಕೆಲವರು ಹಾಡಿನ ನಡುವೆ ಹೋದರು. ಇಬ್ಬರೂ ವಿಶ್ವಾಸಿಗಳೇ ಆಗಿದ್ದರು.

ಹೆದರಿದಾಗ ಪ್ರಾರ್ಥನೆಗೆ ಮಾತೇ ಬರುವುದಿಲ್ಲ. ಏನು ಹೇಳಬೇಕು?

ಹೆದರಿಕೆ ಉಂಟಾದಾಗ ನಿನ್ನಲ್ಲಿ ಭರವಸೆಯಿಡುವೆನು ಎಂಬುದು 56ನೆಯ ಕೀರ್ತನೆಯ 3ನೆಯ ವಚನದ ಸಾರ. ಅಷ್ಟೇ ಸಾಕು. ಅದೂ ಬಾರದಿದ್ದರೆ "ಕರ್ತನೇ" ಎಂದರೂ ಆಯಿತು, ನರಳಿದರೂ ಆಯಿತು, ನಮ್ಮ ನರಳಾಟದಲ್ಲಿ ಪವಿತ್ರಾತ್ಮನೇ ಬೇಡಿಕೊಳ್ಳುತ್ತಾನೆ.

ನಾನು ಕ್ರೈಸ್ತನಲ್ಲ. ಕೂಟಕ್ಕೆ ಬರಬಹುದೇ?

ಬನ್ನಿರಿ. ಚಹಾ ಎಲ್ಲರಿಗೂ ಇರುತ್ತದೆ, ಹೆಸರು ಬರೆಸಬೇಕಾಗಿಲ್ಲ.

ಮಗು ನಡುರಾತ್ರಿ ಕೆಟ್ಟ ಕನಸು ಕಂಡು ಚೀರಿಕೊಂಡು ಏಳುತ್ತದೆ. ಏನು ಹೇಳಲಿ?

"ಗುಮ್ಮ ಬರ್ತಾನ, ಉಣ್ಣು" ಎಂದು ಹಗಲು ಹೊತ್ತಿನಲ್ಲಿ ಹೆದರಿಸುವುದನ್ನು ಮೊದಲು ನಿಲ್ಲಿಸಿರಿ. ದೇವರು ಕಣ್ಣು ಕೀಳುತ್ತಾನೆ ಎಂದು ದೇವರನ್ನೇ ಗುಮ್ಮನನ್ನಾಗಿ ಮಾಡುವುದನ್ನೂ ಕೂಡ. ರಾತ್ರಿ ಎದ್ದಾಗ ದೊಡ್ಡ ಪ್ರಾರ್ಥನೆ ಬೇಡ, ಪಾಠವೂ ಬೇಡ. ದೀಪ ಹಚ್ಚಿ, ಎರಡು ಗುಟುಕು ನೀರು ಕುಡಿಸಿ, ಏನು ಕಂಡೆ ಎಂದು ಕೇಳಿರಿ, ಹೇಳಿದರೆ ನಗದೆ ಕೇಳಿಸಿಕೊಳ್ಳಿರಿ. "ಯೇಸಪ್ಪ ಇಲ್ಲೇ ಇದ್ದಾನ, ನಾನೂ ಇಲ್ಲೇ ಇದ್ದೀನಿ" ಎಂದು ಹೇಳಿ, ಹೇಳಿದ ಮೇಲೆ ಎದ್ದು ಹೋಗಬೇಡಿರಿ, ಮಗುವಿನ ಉಸಿರು ಮತ್ತೆ ನಿಧಾನವಾಗುವ ತನಕ ಅದರ ಪಕ್ಕದಲ್ಲಿಯೇ ಮಲಗಿಕೊಂಡಿರಿ.